ಎರಡು ಕಡ್ಡಿಯ ದೂರ

ಇಂಟರ್ನೆಟ್ ಲೈನಿನವನು ಬಾಗಿಲಲ್ಲೇ ನಿಂತುಬಿಟ್ಟ. ಅವನ ತಪ್ಪೇನಿಲ್ಲ, ಹಲ್ಲಕ್ಕನ ಮನೆಗೆ ಮೊದಲ ಸಲ ಬಂದವರೆಲ್ಲ ನಿಲ್ಲುವುದು ಅಲ್ಲೇ. ಎದುರಿನ ಗೋಡೆಗೆ ನಾಲ್ಕು ಸಾಲು ಹಲಗೆ, ಹಲಗೆಯ ತುಂಬ ಪ್ಲಾಸ್ಟರಿನ ದವಡೆಗಳು, ಮೇಲಿನದು ಕೆಳಗಿನದು ಜೋಡಿ ಜೋಡಿ. ಕೆಲವಕ್ಕೆ ಗುಲಾಬಿ ಬಣ್ಣದ ಒಸಡು ಕೂತಿದೆ, ಕೆಲವಕ್ಕೆ ಅರ್ಧ ಸಾಲು ಹಲ್ಲು. ಬಾಗಿಲು ತೆರೆದರೆ ಎಲ್ಲವೂ ಒಟ್ಟಿಗೆ ಕಿಸಿಯುತ್ತವೆ.

"ಬನ್ನಿ ಒಳಗೆ. ಇದುವರೆಗೂ ಯಾರನ್ನೂ ಕಚ್ಚಿಲ್ಲ," ಎಂದಳು ಹಲ್ಲಕ್ಕ.

ದಂತವೈದ್ಯರು ಅಳತೆ ಕಳಿಸುತ್ತಾರೆ, ಇವಳು ಮನೆಯಲ್ಲೇ ಕೂತು ಹಲ್ಲಿನ ಸೆಟ್ಟು ಮಾಡಿ, ಮೋಟರಿನಲ್ಲಿ ಉಜ್ಜಿ ಕೊಡುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಅವಳ ನಿಜವಾದ ಹೆಸರು ಕರೆಂಟಿನ ಬಿಲ್ಲಿನಲ್ಲಿ ಮಾತ್ರ ಉಳಿದಿದೆ, ಕಟ್ಟಡದವರಿಗೆಲ್ಲ ಅವಳು ಹಲ್ಲಕ್ಕ.

ಲೈನಿನವನು ನಲವತ್ತೈದರ ಆಸುಪಾಸಿನ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವ ದಪ್ಪ ಮನುಷ್ಯ. ಹೆಗಲ ಚೀಲದಿಂದ ಹೊಸ ಬಿಳಿ ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಹಳೆಯ ಲೈನು ಇವತ್ತಿಗೆ ಮುಗಿಯಿತು, ಇನ್ನು ಗಾಜಿನ ತಂತಿ, ಅದಕ್ಕೆ ಕಂಪನಿಯದೇ ಡಬ್ಬ ಎಂದ. ಮಾತಾಡುತ್ತಲೇ ಅವನ ಕೈ ಹಲಗೆಯ ತುದಿಯಲ್ಲಿದ್ದ ಕಪ್ಪು ರೌಟರಿನ ಕಡೆಗೆ ಹೋಯಿತು.

"ಅದನ್ನ ಮುಟ್ಬೇಡಿ."

"ಹಳೇದನ್ನ ಬಿಚ್ಚಿ ತಗೊಂಡ್ಹೋಗಿ ಅಂತಾನೇ ಹೇಳಿದ್ರಲ್ಲ ಅಕ್ಕ."

"ಯಾರು?"

"ನಿಮ್ಮ ಯಜಮಾನ್ರು. ಮೂರು ಸಲ ಫೋನ್ ಮಾಡಿದ್ರು. ಕಂಪನಿ ಡಬ್ಬಾನೇ ಇರ್ಲಿ, ಬೇರೇದು ಬೇಡ್ವೇ ಬೇಡ ಅಂದ್ರು."

ಹಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಗಂಡ ಶಾಲೆಯ ಬಸ್ಸು ಓಡಿಸುವವನು. ಮನೆಯ ಬಲ್ಬು ಹೋದರೆ ಮೂರು ದಿನ ಕತ್ತಲಲ್ಲೇ ಓಡಾಡುತ್ತಾನೆಯೇ ಹೊರತು ಯಾರಿಗೂ ಫೋನು ಮಾಡುವ ಜಾತಿಯಲ್ಲ. ಅಂಥವನು ಮೂರು ಸಲ, ಅದೂ ಇವಳ ಬೆನ್ನ ಹಿಂದೆ! ಆ ರೌಟರು ಯಾರದ್ದೆಂದು, ಅದು ಹೋದರೆ ಏನು ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು.

ಅದು ತಂಗಿ ತಂದಿಟ್ಟ ರೌಟರು. ಹಲ್ಲಕ್ಕನಿಗಿಂತ ಹದಿಮೂರು ವರ್ಷ ಚಿಕ್ಕವಳು, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ತಂತಿ ಎಳೆಯಲು ಕಪಾಟಿನ ಮೇಲೆ, ಕಿಟಕಿಯ ಸರಳಿನ ಮೇಲೆ, ಎಲ್ಲೆಂದರಲ್ಲಿ ಹತ್ತುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು ಕೋತಿ. ಮೊದಲ ಸಂಬಳದಲ್ಲಿ ಎಲ್ಲರೂ ಸೀರೆಯೋ ಸಿಹಿಯೋ ತಂದರೆ, ಇವಳು ನಾಲ್ಕು ಕೊಂಬಿನ ಈ ಕರಿ ಪ್ರಾಣಿಯನ್ನು ಹೊತ್ತು ತಂದಳು. "ಕಂಪನಿ ಡಬ್ಬ ಅಂದ್ರೆ ಬಾಡಿಗೆ ಮನೆ ಇದ್ದ ಹಾಗೆ ಕಣೇ ಅಕ್ಕ. ಬೀಗದ ಕೈ ಅವ್ರ ಹತ್ರಾನೂ ಇರುತ್ತೆ. ಅವ್ರು ಡಬ್ಬ ಬದಲಾಯಿಸಿದಾಗೆಲ್ಲ ಹೆಸ್ರು, ಪಾಸ್ವರ್ಡು ಎಲ್ಲ ಬದಲಾಗುತ್ತೆ. ಇದು ನಮ್ದು. ಕಂಪನಿ ಯಾವ್ದಾದ್ರೂ ಬರ್ಲಿ ಹೋಗ್ಲಿ, ಇದು ನಮ್ಮೋರನ್ನ ಮರೆಯಲ್ಲ." ಹಾಗೆಂದು ಮನೆಯ ಒಂದೊಂದು ಫೋನಿಗೂ ತಾನೇ ಹೆಸರು ಬರೆದಿದ್ದಳು. ಕಂಪ್ಯೂಟರಿನಲ್ಲಿ ರೌಟರಿನ ಪುಟ ತೆರೆದರೆ ಈಗಲೂ ಪಟ್ಟಿ ಬರುತ್ತದೆ: ಹಲ್ಲಕ್ಕ, ಭಾವ, ಅಮ್ಮ, ಕೋತಿ. ಫೋನು ಹತ್ತಿರ ಬಂದು ಮನೆಯ ವೈಫೈಗೆ ತಾನಾಗಿ ಸೇರಿಕೊಂಡರೆ ಹೆಸರು ಹಸಿರು, ದೂರ ಹೋದರೆ ಬೂದು.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅವತ್ತು ಮಧ್ಯಾಹ್ನ ಹಲ್ಲಕ್ಕ ಸೆಟ್ಟು ತಲುಪಿಸಲು ಹೋಗಿದ್ದಳು, ಅಮ್ಮನ ಜೊತೆ ಇರಬೇಕಾದವಳು ತಂಗಿ. ಯಾರದ್ದೋ ಲೈನು ಕೆಟ್ಟಿದೆಯೆಂದು ಅರ್ಧ ಗಂಟೆ ಆಚೆ ಹೋದಳು, ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಹಲ್ಲಕ್ಕನ ಬಾಯಿಂದ ಬರಬಾರದ ಮಾತು ಬಂತು. "ನೀನು ಮನೇಲಿದ್ದಿದ್ರೆ ಅಮ್ಮ ಬದುಕಿರ್ತಿದ್ಲು. ಇನ್ನು ನಿನ್ನ ಮುಖ ತೋರಿಸ್ಬೇಡ." ದುಃಖದಲ್ಲಿ ಆಡಿದ್ದು ನಿಜ. ಆದರೆ ತಂಗಿ ಎದುರುತ್ತರ ಕೊಡಲಿಲ್ಲ, ವಾರದೊಳಗೆ ಚೀಲ ತುಂಬಿಕೊಂಡು ಹೋದಳು, ನಂಬರು ಬದಲಾಯಿಸಿದಳು, ಅಂಗಡಿಯ ಕೆಲಸವನ್ನೂ ಬಿಟ್ಟಳು. ಹಲ್ಲಕ್ಕ ಹುಡುಕದ ಜಾಗವಿಲ್ಲ. ಆಮೇಲೆ ಉಳಿದದ್ದು ಆ ಪಟ್ಟಿ, ಅದರಲ್ಲಿ ಬೂದು ಬಣ್ಣದ ಒಂದು ಹೆಸರು.

ಒಂದು ವರ್ಷ ಅದು ಬೂದಾಗಿಯೇ ಇತ್ತು. ಒಂದು ಮಧ್ಯಾಹ್ನ ನೋಡುತ್ತಾಳೆ, ಹೆಸರಿನ ಮುಂದೆ ಅವತ್ತಿನದೇ ಹೊತ್ತು ಬಿದ್ದಿದೆ. ಕೋತಿ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಂದಿದೆ, ಹನ್ನೊಂದು ನಿಮಿಷ ಇದ್ದು ಹೋಗಿದೆ. ಹಲ್ಲಕ್ಕ ಕೈಯ ಮೇಣವನ್ನೂ ಒರೆಸಿಕೊಳ್ಳದೆ ಕೆಳಗೋಡಿದಳು. ಬೀದಿಯಲ್ಲಿ ಯಾರಿರುತ್ತಾರೆ? ಮೂರು ಗಂಟೆ ಕಳೆದುಹೋಗಿತ್ತು.

ಆಮೇಲೆ ಮತ್ತೆ ಒಂದು ವರ್ಷ ಏನೂ ಇಲ್ಲ. ಹಲ್ಲಕ್ಕ ಹೊಟ್ಟೆಯ ಆಪರೇಶನ್ ಆಗಿ ಹಾಸಿಗೆ ಹಿಡಿದ ಕಾಲದಲ್ಲಿ ಇದ್ದಕ್ಕಿದ್ದಂತೆ ಹೆಸರು ಹಸಿರಾಯಿತು. ಅಲ್ಲಿಂದ ತಿಂಗಳಿಗೆ ಒಂದೋ ಎರಡೋ ಸಲ, ಯಾವಾಗಲೂ ಮಧ್ಯಾಹ್ನ, ಮೂರು ನಾಲ್ಕು ನಿಮಿಷ. ಪ್ರತಿ ಸಲವೂ ಕಿಟಕಿಗೆ ಓಡುತ್ತಾಳೆ, ಮೆಟ್ಟಿಲಿಗೆ ಓಡುತ್ತಾಳೆ, ಯಾರೂ ಇರುವುದಿಲ್ಲ. ಆದರೂ ತಂಗಿ ಬಂದು ಹೋಗುತ್ತಿದ್ದಾಳೆ, ಇವತ್ತಲ್ಲ ನಾಳೆ ಬೆಲ್ಲು ಒತ್ತುತ್ತಾಳೆ. ಆ ಒಂದು ಆಸೆಯ ಮೇಲೆ ಹಲ್ಲಕ್ಕ ಎರಡು ವರ್ಷ ಊಟ ಮಾಡಿದ್ದಾಳೆ, ನಿದ್ದೆ ಮಾಡಿದ್ದಾಳೆ.

ಈಗ ಡಬ್ಬ ಬದಲಾದರೆ ಹೆಸರು ಬದಲಾಗುತ್ತದೆ. ತಂಗಿ ಬಾಗಿಲಿಗೇ ಬಂದು ನಿಂತರೂ ಮನೆಗೆ ಅವಳ ಗುರುತು ಸಿಗುವುದಿಲ್ಲ. ಇದನ್ನೆಲ್ಲ ಆ ದಪ್ಪ ಮನುಷ್ಯನಿಗೆ ಹೇಳಬೇಕೆಂದೇನೂ ಇರಲಿಲ್ಲ, ಆದರೆ ಹೇಳಿಬಿಟ್ಟಳು. ಅಪರಿಚಿತರ ಮುಂದೆ ಕೆಲವು ಮಾತು ಸಲೀಸಾಗಿ ಬರುತ್ತವೆ.

ಲೈನಿನವನು ಕೆನ್ನೆ ಕೆರೆದುಕೊಂಡ. "ಸರಿ ಬಿಡಿ ಅಕ್ಕ. ನಮ್ಮ ಡಬ್ಬ ಬರೀ ದಾರಿ ಬಿಟ್ಕೊಂಡು ಬಿದ್ದಿರ್ಲಿ, ಮನೆಗೆಲ್ಲ ನಿಮ್ದೇ ಹಂಚೋ ಹಾಗೆ ಮಾಡ್ತೀನಿ. ಹೆಸ್ರು, ಪಾಸ್ವರ್ಡು ಏನೂ ಬದಲಾಗಲ್ಲ. ಆದ್ರೆ ನಿಮ್ದು ಕೆಟ್ರೆ ನಮ್ಮನ್ನ ಕೇಳೋ ಹಾಗಿಲ್ಲ."

"ಕೇಳಲ್ಲ ಮಾರಾಯ್ರೇ, ಹಾಕಿ."

ಮುಕ್ಕಾಲು ಗಂಟೆಯ ಕೆಲಸ. ಹಳೆಯ ಕಪ್ಪು ರೌಟರು ಒಂದು ಸಲ ಆರಿ ಮತ್ತೆ ಹತ್ತಿಕೊಂಡಾಗ ಹಲ್ಲಕ್ಕನ ಜೀವವೂ ಒಂದು ಸಲ ಆರಿ ಹತ್ತಿಕೊಂಡಿತು. ಸಂತೋಷಕ್ಕೆ ತನ್ನ ನೋಟುಬುಕ್ಕನ್ನೂ ಅವನಿಗೆ ತೋರಿಸಿದಳು. ಅಳತೆ ಬಂದ ಕೂಡಲೇ ಅರ್ಧ ಮಿಲಿಮೀಟರನ್ನೂ ಬಿಡದೆ ಬರೆದಿಡುವುದು ಅವಳ ಕಸುಬಿನ ಚಾಳಿ. ತಂಗಿಯ ವಿಷಯದಲ್ಲೂ ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ಇಳಿಸಿದ್ದಳು: ತಾರೀಖು, ಹೊತ್ತು, ಎಷ್ಟು ನಿಮಿಷ, ಎಷ್ಟು ಕಡ್ಡಿ. ಒಟ್ಟು ಮೂವತ್ತೆಂಟು ಸಾಲು.

"ಮೊದಲನೇ ಸಲ ಪಾಪ ಎರಡೇ ಕಡ್ಡಿ ಇತ್ತು. ಆಮೇಲೆ ಯಾವಾಗ್ಲೂ ನಾಲ್ಕು. ಈಗ ಚಾರ್ಜು ಚೆನ್ನಾಗಿ ಇಟ್ಕೋತಾಳೆ."

ಲೈನಿನವನು ಪುಟ ತಿರುವುತ್ತಿದ್ದವನು ನಿಂತ. "ಇದು ಚಾರ್ಜಲ್ಲ ಅಕ್ಕ. ಸಿಗ್ನಲ್ಲು. ಫೋನು ಎಷ್ಟು ಹತ್ರ ಇದೆ ಅಂತ."

"ಅಂದ್ರೆ?"

ಅವನು ತನ್ನ ಫೋನಿಗೆ ಪಾಸ್ವರ್ಡು ಹಾಕಿಕೊಂಡು, ಪಟ್ಟಿ ನೋಡುತ್ತಿರಿ ಎಂದು ಹೇಳಿ ಹೊರಗೆ ನಡೆದ. ಹಲ್ಲಕ್ಕ ಕೂಗಿ ಹೇಳುತ್ತ ಹೋದಳು. ಬಾಗಿಲು ದಾಟಿದ ಕೂಡಲೇ ಮೂರು. ಕೆಳಗಿಳಿಯುವ ಮೆಟ್ಟಿಲ ತಿರುವಿನಲ್ಲಿ ಎರಡು. ಕೆಳಗಿನ ಗೇಟಿಗೆ ಹೋಗುವಷ್ಟರಲ್ಲಿ ಅವನ ಫೋನು ಪಟ್ಟಿಯಿಂದಲೇ ಮಾಯ.

ಮತ್ತೆ ಎರಡು ಮಹಡಿ ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಉಸಿರಿಗಾಗಿ ನಿಂತನೋ ಮಾತಿಗಾಗಿ ನಿಂತನೋ ತಿಳಿಯಲಿಲ್ಲ.

"ಈ ಕಟ್ಟಡದ ಗೋಡೆ ದಪ್ಪ ಅಕ್ಕ. ನಾಲ್ಕು ಕಡ್ಡಿ ಬರ್ಬೇಕಾದ್ರೆ ಫೋನು ಮನೆಯೊಳಗೇ ಇರ್ಬೇಕು."

ಅಷ್ಟು ಹೇಳಿ ಅವನು ಚೀಲ ಎತ್ತಿಕೊಂಡ. ನೀರು ಕೊಟ್ಟರೆ ಬೇಡವೆಂದ. ಹೋಗುವಾಗ ದವಡೆಗಳ ಕಡೆಗೆ ಒಮ್ಮೆ, ಒಳಕೋಣೆಯ ಕಡೆಗೆ ಒಮ್ಮೆ ನೋಡಿದ.

ಹಲ್ಲಕ್ಕ ಬಾಗಿಲು ಹಾಕಿಕೊಂಡು ಅಲ್ಲೇ ನಿಂತಳು. ಬಿಸಿಲು ಕಿಟಕಿಯಿಂದ ನೇರ ಬಂದು ಹಲಗೆಯ ಮೇಲೆ ಬಿದ್ದಿತ್ತು. ಮೂವತ್ತೇಳು ಸಲ. ಮೂವತ್ತೇಳು ಮಧ್ಯಾಹ್ನ ತಂಗಿ ಈ ಮನೆಯೊಳಗೆ ಇದ್ದಳು, ತಾನು ಇಲ್ಲೇ ಕೂತು ಪರದೇಶದವಳಂತೆ ಕಿಟಕಿಯಿಂದ ಬೀದಿ ನೋಡುತ್ತಿದ್ದಳು. ಬೆನ್ನ ಹಿಂದೆ ನಿಂತಿದ್ದಳೇ? ಬಾಗಿಲು ತೆರೆಯದೆ ಒಳಗೆ ಬರುವವರು ಯಾರು? ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಆ ಉತ್ತರವನ್ನು ಅವಳು ನಾಲ್ಕು ವರ್ಷದಿಂದ ಮನಸ್ಸಿನ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಈಗ ಅದು ಹೇಳದೆ ಕೇಳದೆ ಬಂದು ಎದೆಯ ಮೇಲೆ ಕೂತಿತು.

ನಗಬೇಡಿ, ಅವಳು ಹುಡುಕಿದಳು. ಬಚ್ಚಲು ನೋಡಿದಳು. ಅಮ್ಮನ ಕಪಾಟು ತೆಗೆದು ನೋಡಿದಳು. ಮಂಚದ ಕೆಳಗೆ ಬಗ್ಗಿದಳು. ಒಳಕೋಣೆಯ ನಡುವೆ ನಿಂತು ಮೆಲ್ಲಗೆ, ಮಗುವನ್ನು ಎಬ್ಬಿಸುವವಳಂತೆ ಕರೆದಳು.

"ಕೋತೀ."

ಏನೂ ಇಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಹೊರಗೆ ಬಂದರೆ ಅಷ್ಟೂ ದವಡೆಗಳು ಗೊತ್ತಿದ್ದೂ ಹೇಳದವರಂತೆ ಹಲ್ಲು ಬಿಗಿಹಿಡಿದು ಕೂತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಅವುಗಳ ಕಡೆಗೆ ಬೆನ್ನು ಮಾಡಿ ಕೂರಲು ಭಯವಾಯಿತು.

ಒಂದು ಗಂಟೆಗೆ ಗಂಡ ಬಂದ. ಬೆಳಗಿನ ಸುತ್ತಿಗೂ ಸಂಜೆಯ ಸುತ್ತಿಗೂ ನಡುವೆ ಅವನಿಗೆ ಎರಡು ಗಂಟೆ ಬಿಡುವು. ಊಟ ಮಾಡಿ, ಒಳಕೋಣೆಯಲ್ಲಿ ಸ್ವಲ್ಪ ಅಡ್ಡಾಗಿ, ಮತ್ತೆ ಹೋಗುತ್ತಾನೆ. ಬಂದವನೇ ಹಲಗೆಯ ಕಡೆಗೆ ನೋಡಿದ. ಹೊಸ ಬಿಳಿ ಡಬ್ಬದ ಪಕ್ಕದಲ್ಲಿ ಹಳೆಯದು ಎಂದಿನಂತೆ ಕಣ್ಣು ಮಿಟುಕಿಸುತ್ತಿತ್ತು. ಅವನ ಮುಖ ಇಳಿದುಹೋಯಿತು.

"ಅದನ್ನ ತೆಗೀಲಿಲ್ವಾ ಅವ್ನು?"

"ನಾನೇ ಬೇಡ ಅಂದೆ."

ಬೈಯಬೇಕೆಂದು ಬೆಳಿಗ್ಗೆಯಿಂದ ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋದವೋ. ಊಟ ಬಡಿಸಿದಳು. ಇಬ್ಬರೂ ಮಾತಿಲ್ಲದೆ ಉಂಡರು. ಕೈ ತೊಳೆದು ಅವನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಹಲ್ಲಕ್ಕ ಕಂಪ್ಯೂಟರಿನ ಮುಂದೆ ಕೂತಳು. ಪಟ್ಟಿ ತೆರೆದಳು.

ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಬೂದು ಹೆಸರು ಹಸಿರಾಯಿತು.

ಕೋತಿ. ನಾಲ್ಕು ಕಡ್ಡಿ.

ಈ ಸಲ ಅವಳು ಕಿಟಕಿಗೆ ಓಡಲಿಲ್ಲ. ಎದ್ದು, ಚಪ್ಪಲಿ ಕಳಚಿ, ಒಳಕೋಣೆಯ ಬಾಗಿಲನ್ನು ಎರಡು ಬೆರಳಿನಿಂದ ತಳ್ಳಿದಳು. ಗಂಡ ಗೋಡೆಗೆ ಮುಖ ಮಾಡಿ ಮಂಚದ ಅಂಚಿನಲ್ಲಿ ಕೂತಿದ್ದ. ತೊಡೆಯ ಮೇಲೆ ಒಂದು ಫೋನು, ಅದರ ಹಿಂಬದಿಗೆ ಅಂಟಿಸಿದ ಸಿಪ್ಪೆಯೆದ್ದ ಬಾಳೆಹಣ್ಣಿನ ಚಿತ್ರ. ಆ ಚಿತ್ರವನ್ನು ಹಲ್ಲಕ್ಕನೇ ತಂದು ಕೊಟ್ಟಿದ್ದಳು, ಕೋತಿಗೆ ಇರಲಿ ಎಂದು.

ಅವನು ತಿರುಗಿ ನೋಡಿದ. ಮುಚ್ಚಿಡಲು ಹೋಗಲಿಲ್ಲ.

"ಅವಳೆಲ್ಲಿ?" ಎಂದಳು ಹಲ್ಲಕ್ಕ.

"ಇಲ್ಲ ಕಣೇ."

"ಇಲ್ಲ ಅಂದ್ರೆ?"

"ಇಲ್ಲ. ಎರಡು ವರ್ಷ ಆಯ್ತು."

ನಿಧಾನವಾಗಿ, ಬಸ್ಸನ್ನು ಇಕ್ಕಟ್ಟಿನ ಬೀದಿಯಲ್ಲಿ ಹಿಂದಕ್ಕೆ ತೆಗೆಯುವಂತೆ ಒಂದೊಂದೇ ಮಾತು ಹೇಳಿದ. ಹಲ್ಲಕ್ಕನ ಆಪರೇಶನ್ ಆಗಿ ಆರನೇ ದಿನ ಬಸ್ಸಿನ ಕಚೇರಿಗೆ ಯಾವುದೋ ದೂರದ ಊರಿನ ಆಸ್ಪತ್ರೆಯಿಂದ ಫೋನು ಬಂದಿತ್ತು. ರಸ್ತೆಯಲ್ಲಿ ಲಾರಿ ಹೊಡೆದಿದೆ, ಚೀಟಿಯಲ್ಲಿ ಭಾವ ಎಂದು ನಿಮ್ಮ ಕಚೇರಿಯ ನಂಬರಿದೆ. ಮಕ್ಕಳ ಪ್ರವಾಸಕ್ಕೆ ಹೋಗಬೇಕೆಂದು ಹೆಂಡತಿಗೆ ಸುಳ್ಳು ಹೇಳಿ ಹೋದ. ಹೋಗುವಷ್ಟರಲ್ಲಿ ಮುಗಿದಿತ್ತು. ಎಲ್ಲ ಕೆಲಸ ತಾನೇ ಮುಗಿಸಿ, ತಂಗಿಯ ಚೀಲ ತೆಗೆದುಕೊಂಡು ವಾಪಸು ಬಂದ. ಹಲ್ಲಕ್ಕನ ಹೊಲಿಗೆ ಇನ್ನೂ ಹಸಿ. ಮನಸ್ಸಿಗೆ ಆಘಾತವಾಗದಂತೆ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಒಂದು ತಿಂಗಳು ಬಿಟ್ಟು ಹೇಳೋಣ ಅಂದುಕೊಂಡ.

"ಇನ್ಯಾರಿಗಾದ್ರೂ ತಿಳಿಸ್ಬೇಕಾ ನೋಡೋಣ ಅಂತ ಇಲ್ಲೇ ಕೂತು ಈ ಫೋನ್ ಹಾಕ್ದೆ. ನಾನೇನೂ ಒತ್ತಲಿಲ್ಲ ಕಣೇ, ಅದಾಗೇ ಮನೆಗೆ ಸೇರ್ಕೊಂಡ್ಬಿಡ್ತು. ಆಚೆ ಕಂಪ್ಯೂಟರ್ ಪಕ್ಕ ಹಾಸಿಗೇಲಿದ್ದ ನೀನು ಕಿರುಚಿದೆ. ರೀ, ಕೋತಿ ಬಂದಿದ್ದಾಳೆ ಅಂತ. ಎಂಟು ದಿನದಿಂದ ಗಂಜಿ ಮುಟ್ಟದೋಳು ಎದ್ದು ಕೂತು ಊಟ ಕೇಳ್ದೆ. ನಾನ್ ಹೇಗೆ ಹೇಳ್ಲಿ? ನೀನೇ ಹೇಳು, ಹೇಗೆ ಹೇಳ್ಲಿ?"

ಆ ತಿಂಗಳು ಹೋಯಿತು, ಇನ್ನೊಂದು ಬಂತು. ಪಟ್ಟಿ ನೋಡಿ ನೋಡಿ ಅವಳು ಸೊರಗಿದಾಗೆಲ್ಲ ಅವನು ಒಳಗೆ ಬಂದು ಫೋನು ಹಾಕುವನು. ಕೊನೆಗೆ ಅವನಿಗೇ ತಡೆಯದಾಯಿತು. ಡಬ್ಬ ಹೋದರೆ ಹೆಸರು ಹೋಗುತ್ತದೆ, ಹೆಸರು ಹೋದರೆ ಇವಳು ಕಾಯುವುದು ನಿಲ್ಲುತ್ತದೆ, ಯಾರೂ ಬಾಯಿಬಿಟ್ಟು ಏನೂ ಹೇಳದೆ ಎಲ್ಲ ಮುಗಿಯುತ್ತದೆ ಎಂದು ಲೈನಿನವನನ್ನು ಕರೆಸಿದ. ಇವತ್ತು ಹಳೆಯದು ಅಲ್ಲೇ ಇದ್ದದ್ದು, ಹೆಂಡತಿ ಬಾಯಿಬಿಡದೆ ಉಂಡದ್ದು ನೋಡಿ ಬೇರೆ ದಾರಿ ತೋಚದೆ ಮತ್ತೆ ಹಾಕಿದ್ದ.

ಹಲ್ಲಕ್ಕ ಅವನ ಭುಜಕ್ಕೆ ಹೊಡೆದಳು. ಎರಡು ಸಲ, ಮೂರು ಸಲ, ಮುಷ್ಟಿ ಕಟ್ಟಿ. ಅವನು ಹೊಡೆಸಿಕೊಂಡ. "ಎರಡು ವರ್ಷ! ಎರಡು ವರ್ಷ ನಾನು ಸತ್ತೋಳಿಗೆ ಕಾಯ್ತಾ ಕೂತಿದ್ನಲ್ರೀ! ಅಳೋದಕ್ಕೂ ಬಿಡ್ಲಿಲ್ವಲ್ಲ ನನ್ನ!" ಆಮೇಲೆ ಅವನ ಅದೇ ಭುಜಕ್ಕೆ ಹಣೆ ಒತ್ತಿ ಅತ್ತಳು. ತಂಗಿಯನ್ನು ಒಬ್ಬನೇ ಕಳಿಸಿ ಬಂದು, ಆ ಭಾರವನ್ನು ಸ್ಟೇರಿಂಗಿನ ಮುಂದೆ ಹೊತ್ತುಕೊಂಡು ಮಂದಿಯ ಮಕ್ಕಳನ್ನು ನಗುನಗುತ್ತ ಶಾಲೆಗೆ ಬಿಟ್ಟವನು ಇವನು. ಸಿಟ್ಟು ಇತ್ತು. ಸಿಟ್ಟಿನ ಕೆಳಗೆ ಬೇರೆ ಏನೋ ಇತ್ತು. ಎರಡನ್ನೂ ಬಿಡಿಸಿ ನೋಡುವ ಶಕ್ತಿ ಆಗ ಅವಳಲ್ಲಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದಳು. "ಎಲ್ಲಾ ಸಲವೂ ನೀವೇನಾ?"

"ಎಲ್ಲಾ ಸಲವೂ."

ಅವಳು ಎದ್ದು ಹೋಗಿ ನೋಟುಬುಕ್ಕು ತಂದು ಮೊದಲ ಪುಟ ತೆಗೆದಳು. ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಬೆಳಿಗ್ಗೆ ಹನ್ನೊಂದು ಇಪ್ಪತ್ತು, ಹನ್ನೊಂದು ನಿಮಿಷ, ಎರಡು ಕಡ್ಡಿ.

ಗಂಡ ಕನ್ನಡಕ ಹುಡುಕಿ ಹಾಕಿಕೊಂಡು ಓದಿದ. ತಾರೀಖನ್ನು ಎರಡು ಸಲ ಓದಿದ. "ಇದು ನಾನಲ್ಲ. ನಿನ್ನ ಆಪರೇಶನ್ನಿಗಿಂತ ಒಂದು ವರ್ಷ ಮುಂಚೆ ಇದು. ಆಗ ಫೋನು ಅವಳ ಹತ್ರಾನೇ ಇತ್ತು."

ಹಲ್ಲಕ್ಕ ಅವನ ಕೈಯಿಂದ ಫೋನು ತೆಗೆದುಕೊಂಡಳು. "ಬನ್ನಿ, ಪಟ್ಟಿ ನೋಡ್ತಾ ಕೂತ್ಕೊಳ್ಳಿ. ಎಷ್ಟು ಕಡ್ಡಿ ಅಂತ ಕೂಗಿ."

ಅವನು ಹೋಗಿ ಕಂಪ್ಯೂಟರಿನ ಮುಂದೆ ಕೂತ. ಅವಳು ಬರಿಗಾಲಲ್ಲಿ ಹೊರಗೆ ಬಂದಳು. ಒಳಗಿನಿಂದ ಅವನ ದನಿ ಬಂತು, ಮೂರು. ಮೆಟ್ಟಿಲು ಇಳಿದಳು. ಮೂರು, ಮೂರು. ತಿರುವಿಗೆ ಬಂದು, ಗೋಡೆಗೆ ಒರಗಿ ನಿಲ್ಲುವಂಥ ಮೂಲೆಯಲ್ಲಿ ನಿಂತಳು.

"ಎರಡು!"

ಅಲ್ಲಿಂದ ತಲೆ ಎತ್ತಿದರೆ ಅವರ ಮನೆಯ ಬಾಗಿಲು ಪೂರ್ತಿ ಕಾಣುತ್ತದೆ. ಬೆಲ್ಲಿನ ಗುಂಡಿ ಕಾಣುತ್ತದೆ. ಹತ್ತೇ ಮೆಟ್ಟಿಲು.

"ಮೋಟರ್ ಹಾಕಿ!" ಎಂದು ಕೂಗಿದಳು.

ಸೆಟ್ಟು ಉಜ್ಜಿ ನಯ ಮಾಡುವ ಮೋಟರು ಒಳಗೆ ಗುಂಯ್ಯೆಂದಿತು. ಅವಳು ದಿನವೂ ಹತ್ತರಿಂದ ಹನ್ನೆರಡರವರೆಗೆ ಮೋಟರಿನ ಮುಂದೆ ಕೂರುವವಳು, ಆಪರೇಶನ್ನಿಗೆ ಮುಂಚೆ ಒಂದು ದಿನವೂ ತಪ್ಪಿಸಿದವಳಲ್ಲ. ಆ ಸದ್ದು ಈ ಮೂಲೆಗೆ ಕಿವಿಯ ಪಕ್ಕದಲ್ಲೇ ಇದ್ದಷ್ಟು ಚೆನ್ನಾಗಿ ಕೇಳುತ್ತಿತ್ತು. ಅಂದರೆ ಅಕ್ಕ ಒಳಗಿದ್ದಾಳೆಂದು ತಂಗಿಗೆ ಗೊತ್ತಿತ್ತು. ಇನ್ನು ನಿನ್ನ ಮುಖ ತೋರಿಸ್ಬೇಡ ಎಂದವಳ ಮೋಟರಿನ ಸದ್ದು ಕೇಳುತ್ತ ಅವಳು ಇಲ್ಲಿ ಹನ್ನೊಂದು ನಿಮಿಷ ನಿಂತಿದ್ದಳು. ಅಷ್ಟು ಹೊತ್ತಿಗೆ ಈ ಗೋಡೆಯ ಆಚೆ ಮನೆ ಅವಳನ್ನು ಗುರುತು ಹಿಡಿದು, ಕೇಳದೆಯೇ ಒಳಗೆ ಸೇರಿಸಿಕೊಂಡಿತ್ತು. ಅದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಫೋನು ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಿದ್ದಿರಲಿ ದೇವರೇ ಎಂದು ಹಲ್ಲಕ್ಕ ಬೇಡಿಕೊಂಡಳು. ನಾನು ಆ ಮೋಟರನ್ನು ಒಂದು ನಿಮಿಷ ನಿಲ್ಲಿಸಿ ನೀರು ಕುಡಿಯಲಿಕ್ಕಾದರೂ ಎದ್ದಿದ್ದರೆ, ಬಾಗಿಲು ತೆರೆದಿದ್ದರೆ.

ಮೋಟರು ನಿಂತಿತು. "ಸಾಕೇನೇ?" ಎಂದು ಗಂಡ ಕೇಳಿದ.

ಹಲ್ಲಕ್ಕ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಅದು ಬೆಚ್ಚಗಿತ್ತು.

"ಬಾರೇ," ಎಂದಳು. "ಸಾಕು ಇಲ್ಲಿ ನಿಂತಿದ್ದು. ಒಳಗೆ ಬಾ."

ಹತ್ತಲು ಶುರು ಮಾಡಿದಳು. ನಿಲ್ಲಿಸೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಒಳಗೆ ಗಂಡ ಇನ್ನೂ ಪಟ್ಟಿ ನೋಡುತ್ತಲೇ ಇದ್ದ.

"ಮೂರು," ಎಂದ. ಅವಳು ಹೊಸ್ತಿಲು ದಾಟಿದಳು. "ನಾಲ್ಕು."